ಹಬ್ಬಕ್ಕೆ ಬಾರದ ಸವಾರರು



1918ನೆಯ ಇಸವಿಯ ಪಂಚಾಂಗದಿಂದ ಮಾತು ಶುರುಮಾಡುತ್ತೇನೆ. ಆ ವರ್ಷ ಬಕ್ರೀದ್ ಬಂದದ್ದು ಸೆಪ್ಟೆಂಬರ್ 16–17ರ ಸುಮಾರಿಗೆ. ನವರಾತ್ರಿ ಅಕ್ಟೋಬರ್ 6ರ ಹೊತ್ತಿಗೆ ಶುರುವಾಗಿ 14ರ ಸುಮಾರಿಗೆ ವಿಜಯದಶಮಿ. ಅದಾದ ಎರಡು ದಿನಕ್ಕೆ ಮೊಹರಂ ಹತ್ತನೆಯ ದಿನ. ದೀಪಾವಳಿ ನವೆಂಬರ್ ಮೊದಲ ವಾರ. ಈಗ ಇದರ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಡುತ್ತೇನೆ. ಸೆಪ್ಟೆಂಬರ್ 19, ಪ್ಯಾಲೆಸ್ತೀನಿನಲ್ಲಿ ಮೆಗಿದ್ದೊ ಕಾಳಗದ ಆರಂಭ. 23, ಹೈಫಾ. ಅಕ್ಟೋಬರ್ 1, ಡಮಾಸ್ಕಸ್. 26, ಅಲೆಪ್ಪೊ ಊರಿನಾಚೆ ಹರಿತಾನ್. 31, ತುರ್ಕಿಯೊಂದಿಗೆ ಕದನವಿರಾಮ. ಎರಡನೆಯ ಪಟ್ಟಿ ಇತಿಹಾಸದ ಪುಸ್ತಕಗಳಲ್ಲಿದೆ. ಮೊದಲನೆಯದನ್ನು ಯಾರೂ ಅದರ ಪಕ್ಕ ಇಟ್ಟು ನೋಡುವುದಿಲ್ಲ. ಆದರೆ ಎರಡನ್ನೂ ಒಂದೇ ಮೈಯಲ್ಲಿ ಹೊತ್ತು ನಡೆದವರಿದ್ದರು. ಅವರಲ್ಲಿ ಒಂದು ಪಡೆ ಮೈಸೂರಿನದು, ಇನ್ನೊಂದು ಇದೇ ಹೈದರಾಬಾದಿನದು.

ಮೈಸೂರು ಲ್ಯಾನ್ಸರ್ಸ್ ಎಂದರೆ ಭರ್ಜಿ ಹಿಡಿದ ಕುದುರೆ ಸವಾರರ ಪಡೆ. ಸಂಸ್ಥಾನದ ಖರ್ಚಿನಲ್ಲಿ ನಡೆಯುತ್ತಿದ್ದ, ಚಕ್ರಾಧಿಪತ್ಯಕ್ಕೆ ಬೇಕಾದಾಗ ಕಳುಹಿಸಬೇಕಾಗಿದ್ದ ಪಡೆ. ನೆಲೆ ಬೆಂಗಳೂರಿನಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಈ ಪಡೆಯನ್ನೂ ಕೊಟ್ಟರು. ಆ ವರ್ಷದ ದಸರಾ ಮುಗಿದಿತ್ತು. ಅಕ್ಟೋಬರಿನಲ್ಲಿ ಅವರು ಹೊರಟರು. ಮೊದಲು ಈಜಿಪ್ಟ್, ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಸಿನಾಯ್ ಮರಳು, ಆಮೇಲೆ ಗಾಜಾ. ಹೈದರಾಬಾದಿನ ಸವಾರರೂ ಅದೇ ಬ್ರಿಗೇಡಿನಲ್ಲಿ ಇದ್ದರು, ಜೋಧಪುರದವರು 1918ರಲ್ಲಿ ಬಂದು ಸೇರಿದರು. ಪಡೆ ಊರಿಗೆ ಮರಳಿದ್ದು 1920ರಲ್ಲಿ. ಐದು ದಸರಾ ಹೊರಗೇ ಕಳೆದವು.

ಈ ಐದು ದಸರಾ ಎಂಬ ಲೆಕ್ಕ ಬೇರೆಯವರ ಲೆಕ್ಕದಂತಲ್ಲ ಎಂಬುದು ನನ್ನ ಅನಿಸಿಕೆ. ನಮಗೆ ನಿಮಗೆ ಹಬ್ಬ ಎಂದರೆ ಮನೆ. ಎಲ್ಲಿದ್ದರೂ ಊರಿಗೆ ಹೋಗುವುದು, ಅಮ್ಮನ ಕೈಯ ಅಡುಗೆ, ಬಾಗಿಲಿಗೆ ತೋರಣ. ಮೈಸೂರಿನ ರಾವುತನಿಗೆ ದಸರಾ ಎಂದರೆ ಅದರ ಜೊತೆಗೆ ಕೆಲಸವೂ ಹೌದು, ಮರ್ಯಾದೆಯೂ ಹೌದು. ಮಹಾನವಮಿಯ ದಿನ ಪೂಜೆಗೊಳ್ಳುವುದು ಅವನ ಕತ್ತಿ, ಅವನ ಭರ್ಜಿ. ಕುದುರೆಗೆ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಕೊರಳಿಗೆ ಹೂ ಹಾಕುವುದು ಅವತ್ತು. ಮರುದಿನ ದೊರೆ ಅಂಬಾರಿಯಲ್ಲಿ ಬನ್ನಿಮಂಟಪಕ್ಕೆ ಹೊರಟರೆ ಕುದುರೆ ಪಡೆ ಇಲ್ಲದೆ ಆ ಮೆರವಣಿಗೆ ಮೆರವಣಿಗೆಯಲ್ಲ. ರಸ್ತೆಯ ಎರಡೂ ಬದಿ ನಿಂತ ಜನರಲ್ಲಿ ಅವನ ಹೆಂಡತಿ ಮಕ್ಕಳು ಇರುತ್ತಿದ್ದರೆ, ಅವರು ನೋಡಲು ಬಂದದ್ದು ದೊರೆಯನ್ನು ಮಾತ್ರ ಅಲ್ಲ. ಹೀಗಾಗಿ ಈ ಪಡೆ ಹೊರಗಿದ್ದಾಗ ಹಬ್ಬಕ್ಕೆ ಮಗ ಬರಲಿಲ್ಲ ಎಂಬುದಷ್ಟೇ ಆಗಲಿಲ್ಲ. ಹಬ್ಬವನ್ನು ಹೊತ್ತು ನಡೆಯುವವರೇ ಹಬ್ಬದಿಂದ ದೂರವಾದರು.

1917ರ ವಿಜಯದಶಮಿ ಬಂದಾಗ ಅವರು ಗಾಜಾದ ಎದುರಿಗಿದ್ದರು. ಅದಾದ ಒಂದು ವಾರಕ್ಕೆ ಗಾಜಾದ ಮೂರನೆಯ ಕಾಳಗ. ಆಯುಧಕ್ಕೆ ಅರಿಸಿನ ಕುಂಕುಮ ಹಚ್ಚುವ ದಿನವೂ ಆಯುಧವನ್ನು ನಿಜವಾಗಿ ಎತ್ತುವ ದಿನವೂ ಇಷ್ಟು ಹತ್ತಿರ ಬಂದಾಗ ಒಬ್ಬ ಸಿಪಾಯಿ ಏನು ಬೇಡಿಕೊಳ್ಳುತ್ತಾನೆ? ಮೈಸೂರಿನಲ್ಲಿ ಅದು ಜಯದ ನೆನಪಿಗೆ ಮಾಡುವ ಪೂಜೆ. ಅಲ್ಲಿ ಅದು ಬರುವ ವಾರಕ್ಕೆ ಮಾಡಿಕೊಳ್ಳುವ ಬೇಡಿಕೆ.

ಅವರ ಪಡಿತರದ ಬಗ್ಗೆ ಒಂದು ಮಾತು. ಆ ಕಾಲದ ಭಾರತೀಯ ಸಿಪಾಯಿಗೆ ಸಿಗುತ್ತಿದ್ದದ್ದು ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ, ಒಂದಿಷ್ಟು ಮಸಾಲೆ. ರಾಗಿ ಮುದ್ದೆ ಉಂಡು ಬೆಳೆದವನಿಗೆ ದಿನವೂ ರೊಟ್ಟಿ. ಆದರೆ ಈ ಪಟ್ಟಿಯನ್ನು ಅಡುಗೆಮನೆಯ ಕಣ್ಣಿನಿಂದ ನೋಡಿ. ಹಿಟ್ಟು, ಬೇಳೆ, ಬೆಲ್ಲ, ತುಪ್ಪ. ಹೋಳಿಗೆಗೆ ಬೇಕಾದದ್ದೆಲ್ಲ ಅವನ ಚೀಲದಲ್ಲೇ ಇತ್ತು. ಇಲ್ಲದಿದ್ದದ್ದು ಹೂರಣ ರುಬ್ಬುವ ಬಿಡುವು, ಒಂದೆಡೆ ನಿಲ್ಲುವ ನೆಲ.

ಈಗ ನಮ್ಮ ಊರಿನವರ ಕಡೆ ಬರೋಣ. ಮಾಸಬ್ ಟ್ಯಾಂಕ್ ಹತ್ತಿರ ಫಸ್ಟ್ ಲ್ಯಾನ್ಸರ್ ಎಂಬ ಬಡಾವಣೆ ನಿಮಗೆಲ್ಲ ಗೊತ್ತು. ಆಟೋದವರಿಗೆ ಹೇಳಿದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಆ ಹೆಸರು ನಿಜಾಮರ ಸಂಸ್ಥಾನದ ಈ ಕುದುರೆ ಪಡೆಯದು. ಅಲ್ಲಿ ವಾಸವಾಗಿರುವ ಎಷ್ಟೋ ಮಂದಿಗೆ ತಮ್ಮ ಗಲ್ಲಿಯ ಹೆಸರು ಪ್ಯಾಲೆಸ್ತೀನಿನವರೆಗೆ ಹೋಗಿ ಬಂದಿದೆ ಎಂಬುದು ತಿಳಿದಿರಲಾರದು. ಹೈದರಾಬಾದಿನ ಸವಾರರಲ್ಲಿ ಹೆಚ್ಚಿನವರು ಮುಸ್ಲಿಮರು. ಅವರ ಎದುರಿಗಿದ್ದದ್ದು ತುರ್ಕಿಯ ಸುಲ್ತಾನರ ಸೈನ್ಯ, ಅಂದರೆ ಖಲೀಫರ ಸೈನ್ಯ. ಖಲೀಫರು 1914ರ ನವೆಂಬರಿನಲ್ಲಿ ಜಿಹಾದ್ ಸಾರಿದ್ದರು. ನಿಜಾಮ್ ಉಸ್ಮಾನ್ ಅಲಿ ಖಾನರು ಅದೇ ತಿಂಗಳು ಬ್ರಿಟಿಷರ ಪರ ನಿಲ್ಲುವಂತೆ ಮುಸಲ್ಮಾನರಿಗೆ ಕರೆಕೊಟ್ಟಿದ್ದರು. ಈ ಎರಡು ಮಾತುಗಳ ನಡುವೆ ಒಬ್ಬ ಸವಾರ ತನ್ನ ಕುದುರೆಯ ಮೇಲೆ ಕುಳಿತಿದ್ದ. ಮನೆಯಿಂದ ದೂರವಿರುವ ಕಷ್ಟ ಒಂದು ತೂಕವಾದರೆ ಇದು ಇನ್ನೊಂದು ತೂಕ. ಮೈಸೂರಿನ ಪಡೆಯಲ್ಲೂ ಮುಸ್ಲಿಮರು ಇದ್ದರು, ಅವರಿಗೂ ಇದೇ ಹೊರೆ.

1918ರ ಬಕ್ರೀದನ್ನು ನೆನೆದುಕೊಳ್ಳಿ. ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿ ದೊಡ್ಡ ಮೋಸದ ಹೂಟ ಹೂಡಿದ್ದ. ಬೇಸಿಗೆಯೆಲ್ಲ ಜೋರ್ಡಾನ್ ಕಣಿವೆಯಲ್ಲಿದ್ದ ಕುದುರೆ ಪಡೆಗಳನ್ನು ಗುಟ್ಟಾಗಿ ಸಮುದ್ರದ ಕಡೆಗೆ ತಂದು, ಕಣಿವೆಯಲ್ಲಿ ಕ್ಯಾನ್ವಾಸಿನ ಹುಸಿ ಕುದುರೆಗಳನ್ನು ನಿಲ್ಲಿಸಿದ. ಪಡೆಗಳು ರಾತ್ರಿ ನಡೆದವು, ಹಗಲಿಗೆ ಜಾಫಾ ಸುತ್ತಿನ ಕಿತ್ತಳೆ ತೋಟಗಳಲ್ಲಿ ಅಡಗಿದವು. ಹಗಲಲ್ಲಿ ಹೊಗೆ ಏಳುವಂತೆ ಒಲೆ ಹಚ್ಚುವಂತಿರಲಿಲ್ಲ. ಕುದುರೆಗೆ ನೀರು ಕುಡಿಸಲಿಕ್ಕೂ ಗೊತ್ತಾದ ಹೊತ್ತು. ಬಕ್ರೀದ್ ಬಂದದ್ದು ಸರಿಯಾಗಿ ಆ ದಿನಗಳಲ್ಲಿ. ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಬಂಧುಗಳಿಗೂ ಬಡವರಿಗೂ ಹಂಚುವ ಹಬ್ಬ ಅದು, ಹಂಚದೆ ಅದು ಪೂರ್ತಿಯಾಗುವುದಿಲ್ಲ. ಹೊಗೆ ಕಾಣಿಸಬಾರದ ತೋಟದಲ್ಲಿ ಅದು ಬಂತು, ಹೋಯಿತು. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಹೈದರಾಬಾದಿನಲ್ಲಿ ನಮಾಜಿಗೆ ನಿಂತವನು ಪಶ್ಚಿಮಕ್ಕೆ ಮುಖ ಮಾಡುತ್ತಾನೆ. ಜಾಫಾದಲ್ಲಿ ಮಕ್ಕಾ ಇರುವುದು ದಕ್ಷಿಣಕ್ಕೆ. ಚಿಕ್ಕಂದಿನಿಂದ ಅಪ್ಪನ ಪಕ್ಕದಲ್ಲಿ ನಿಂತು ಕಲಿತ ದಿಕ್ಕೇ ಅಲ್ಲಿ ಬೇರೆ. ಮನೆ ಎಷ್ಟು ದೂರ ಎಂಬುದನ್ನು ನಕಾಶೆಗಿಂತ ಚೆನ್ನಾಗಿ ಮೈಗೆ ತಿಳಿಸುವ ಗಳಿಗೆ ಅದು.

ಅಲ್ಲಿಂದ ವಾರದೊಳಗೆ ಹೈಫಾ. ಅದರ ಕಥೆ ಈಗ ಬಹಳ ಜನಕ್ಕೆ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಡೆ ಕಿಶೋನ್ ಹೊಳೆಯ ಕೆಸರು, ಇನ್ನೊಂದು ಕಡೆ ಕಾರ್ಮೆಲ್ ಗುಡ್ಡ, ಗುಡ್ಡದ ಮೇಲೆ ತೋಪು. ಮೈಸೂರಿನ ಒಂದು ತುಕಡಿ ಆ ಗುಡ್ಡ ಹತ್ತಿ ತೋಪುಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನಿಂದ ನುಗ್ಗಿದರು, ಅವರ ಮೇಜರ್ ದಲಪತ್ ಸಿಂಗ್ ಅಲ್ಲಿ ತೀರಿಕೊಂಡರು. ಸಾವಿರಕ್ಕೂ ಮಿಕ್ಕಿ ಸೆರೆಯಾಳುಗಳು ಸಿಕ್ಕರು. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಕಂಚಿನ ಸವಾರರು ಈ ಮೂರು ಸಂಸ್ಥಾನದವರು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ಹೂವಿನ ಗುಚ್ಛ ಇಡುತ್ತಾರೆ. ಒಳ್ಳೆಯದು. ಆದರೆ ಆ ಒಂದು ಮಧ್ಯಾಹ್ನದ ಹಿಂದೆ ಐದು ವರ್ಷ ಇವೆ.

ನನ್ನ ಮಾತಿನ ನಡುಗಂಬ ಇರುವುದು 1918ರ ನವರಾತ್ರಿಯಲ್ಲಿ. ಆ ಅಕ್ಟೋಬರಿನಲ್ಲಿ ಅಶ್ವದಳ ಸಿರಿಯಾದಲ್ಲಿ ಉತ್ತರಕ್ಕೆ ಸಾಗುತ್ತಿತ್ತು. ತುರ್ಕಿಯ ಸೈನ್ಯ ಓಡುತ್ತಿತ್ತು, ಗೆಲುವು ಕಣ್ಣಿಗೆ ಕಾಣುತ್ತಿತ್ತು. ಆದರೆ ಸವಾರರು ಸಾಲುಸಾಲಾಗಿ ಕುದುರೆಯಿಂದ ಜಾರಿ ಬೀಳುತ್ತಿದ್ದರು. ಗುಂಡಿನಿಂದಲ್ಲ, ಜ್ವರದಿಂದ. ಬೇಸಿಗೆಯಲ್ಲಿ ತಾವಿದ್ದ ಕಡೆ ಜೌಗು ಬತ್ತಿಸಿ, ನಿಂತ ನೀರಿಗೆ ಎಣ್ಣೆ ಸುರಿದು ಮಲೇರಿಯಾವನ್ನು ತಡೆದಿದ್ದರು. ಶತ್ರುವಿನ ನೆಲಕ್ಕೆ ಕಾಲಿಟ್ಟ ಮೇಲೆ ಆ ಕಾಪು ಇರಲಿಲ್ಲ. ಅದರ ಮೇಲೆ ಇನ್‌ಫ್ಲುಯೆಂಜಾ ಬಂತು. ಆ ತಿಂಗಳು ಆ ಅಶ್ವದಳದಲ್ಲಿ ಗುಂಡಿಗಿಂತ ಜ್ವರಕ್ಕೇ ಹೆಚ್ಚು ಜನ ಬಲಿಯಾದರು.

ಮಲೇರಿಯಾ ತಡೆಯಲು ಸೊಳ್ಳೆಯನ್ನು ತಡೆಯಬೇಕು ಎಂಬ ತಿಳಿವಳಿಕೆ ಎಲ್ಲಿಂದ ಬಂತು? ಇಲ್ಲಿಂದ, ನಾವು ಕುಳಿತಿರುವ ಬೇಗಂಪೇಟೆಯಿಂದ. ಹಳೆಯ ವಿಮಾನ ನಿಲ್ದಾಣದ ಹತ್ತಿರ ಸರ್ ರೊನಾಲ್ಡ್ ರಾಸ್ ಹೆಸರಿನ ಕಟ್ಟಡ ಇದೆಯಲ್ಲ, ಅಲ್ಲಿ 1897ರ ಆಗಸ್ಟ್ 20ರಂದು ಆ ಸೈನ್ಯದ ವೈದ್ಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ. ದಂಡಿನ ಆಸ್ಪತ್ರೆಯ ಡಾಕ್ಟರಾಗಿದ್ದ ಅವನು ಹುಡುಕುತ್ತಿದ್ದದ್ದು ಸಿಪಾಯಿಗಳನ್ನು ಕೊಲ್ಲುತ್ತಿದ್ದ ಕಾಯಿಲೆಯ ಮೂಲವನ್ನು. ಇಪ್ಪತ್ತೊಂದು ವರ್ಷದ ಮೇಲೆ ಇದೇ ಊರಿನ ಸವಾರರೂ ಮೈಸೂರಿನ ಸವಾರರೂ ಜೋರ್ಡಾನ್ ಕಣಿವೆಯಲ್ಲಿ ಒಂದು ಬೇಸಿಗೆ ಬದುಕಿ ಉಳಿದದ್ದರಲ್ಲಿ ಈ ಬೇಗಂಪೇಟೆಯ ಪಾಲಿದೆ. ದಿನವೂ ಆ ಕಟ್ಟಡದ ಮುಂದೆ ಹಾದುಹೋಗುವ ನಾವು ಒಮ್ಮೆ ನಿಂತು ನೋಡಬೇಕು.

ಅದೇ ಅಕ್ಟೋಬರಿನಲ್ಲಿ ಮೈಸೂರು ಸಂಸ್ಥಾನದಲ್ಲಿ ಏನಾಗುತ್ತಿತ್ತು? ಅದೇ ಇನ್‌ಫ್ಲುಯೆಂಜಾ. ಬೆಂಗಳೂರು, ಮೈಸೂರು, ಹಳ್ಳಿಗಳು, ಎಲ್ಲೆಡೆ ಮನೆ ಮನೆಯಲ್ಲಿ ಜನ ಮಲಗಿದ್ದರು. ಆ ಕಾಯಿಲೆ ಮುದುಕರನ್ನು ಬಿಟ್ಟು ಪ್ರಾಯದವರನ್ನೇ, ಮಕ್ಕಳಿರುವ ತಾಯಂದಿರನ್ನೇ ಹೆಚ್ಚು ಹಿಡಿಯಿತು. ಅಂದರೆ ಆ ದಸರಾದಲ್ಲಿ ಬೆಂಗಳೂರಿನಲ್ಲಿದ್ದ ಹೆಂಡತಿ, ಸಿರಿಯಾದಲ್ಲಿರುವ ಗಂಡ ಬದುಕಿದ್ದಾನೋ ಇಲ್ಲವೋ ಎಂದು ದೇವರಿಗೆ ಕೈಮುಗಿಯುತ್ತಿದ್ದಾಗ, ಸಾವು ಅವಳ ಮನೆಯ ಹೊಸ್ತಿಲಲ್ಲೇ ಇತ್ತು. ಅವನೋ ಜ್ವರದಲ್ಲಿ ಕುದುರೆಯ ಮೇಲೆ ಕುಳಿತು, ಮನೆಯವರಾದರೂ ಹಬ್ಬ ಮಾಡುತ್ತಿದ್ದಾರೆ ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದ. ಕಾಗದ ಹೋಗಿ ಮುಟ್ಟುವುದಕ್ಕೆ ವಾರಗಟ್ಟಲೆ. ಒಬ್ಬರ ಕಾಗದ ಇನ್ನೊಬ್ಬರನ್ನು ಮುಟ್ಟುವ ಹೊತ್ತಿಗೆ ಬರೆದವರು ಇರುತ್ತಾರೆ ಎಂಬ ಖಾತ್ರಿ ಎರಡೂ ಕಡೆ ಇರಲಿಲ್ಲ.

ನಾವು ಸಾಮಾನ್ಯವಾಗಿ ಹೀಗೆ ತಿಳಿಯುತ್ತೇವೆ: ರಣರಂಗದಲ್ಲಿ ಅಪಾಯ, ಮನೆಯಲ್ಲಿ ನೆಮ್ಮದಿ, ಅಲ್ಲಿರುವವನು ಹಬ್ಬ ಕಳೆದುಕೊಂಡ, ಇಲ್ಲಿರುವವರು ಅವನಿಲ್ಲದೆ ಹಬ್ಬ ಮಾಡಿದರು. 1918ರ ನವರಾತ್ರಿ ಈ ತಿಳಿವಳಿಕೆಯನ್ನು ಒಪ್ಪುವುದಿಲ್ಲ. ಹಬ್ಬದ ದಿನ ದೂರವಿರುವ ಸಿಪಾಯಿಯ ದುಃಖ ಅವನೊಬ್ಬನದಲ್ಲ, ಅದರ ಅರ್ಧ ಮನೆಯಲ್ಲಿ ನಡೆಯುತ್ತದೆ, ಮತ್ತು ಆ ಅರ್ಧವನ್ನು ಯಾವ ರೆಜಿಮೆಂಟೂ ತನ್ನ ಚರಿತ್ರೆಯಲ್ಲಿ ಬರೆದಿಡುವುದಿಲ್ಲ. ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದು ಈ ಮಾತನ್ನು ಹೇಳುವುದಕ್ಕೇ.

ವಿಜಯದಶಮಿ ಕಳೆದು ಹನ್ನೆರಡು ದಿನಕ್ಕೆ ಹರಿತಾನ್. ಮೈಸೂರು ಮತ್ತು ಜೋಧಪುರದ ಸವಾರರು ತಮಗಿಂತ ಬಹಳ ದೊಡ್ಡ ತುರ್ಕಿ ಪಡೆಯ ಮೇಲೆ ನುಗ್ಗಿದರು. ಅಲ್ಲಿ ಸತ್ತವರಿಗೆ ಯುದ್ಧ ಮುಗಿಯಲು ಉಳಿದಿದ್ದದ್ದು ಐದೇ ದಿನ. ಆಮೇಲೆ ದೀಪಾವಳಿ ಬಂದಾಗ ಆ ರಂಗದಲ್ಲಿ ಗುಂಡಿನ ಸದ್ದು ನಿಂತಿತ್ತು. ಯುದ್ಧ ನಿಂತಿತು, ಇನ್ನು ಊರು ಎಂದುಕೊಂಡಿರಬೇಕು ಎಲ್ಲರೂ. ಆದರೆ ಯುದ್ಧ ಮುಗಿಯುವುದು ಬೇರೆ, ರಜೆ ಸಿಗುವುದು ಬೇರೆ. 1919ರ ದಸರಾಕ್ಕೂ ಅವರು ಬರಲಿಲ್ಲ. ನನಗೆ ಐದರಲ್ಲಿ ಅತಿ ಕಷ್ಟದ್ದು ಇದೇ ಇರಬೇಕು ಎನಿಸುತ್ತದೆ. ಯುದ್ಧ ನಡೆಯುತ್ತಿದ್ದಾಗ ಮನೆಯವರಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇತ್ತು. ಗೆದ್ದಾಯಿತು, ಅಪ್ಪ ಯಾಕೆ ಇನ್ನೂ ಬಂದಿಲ್ಲ ಎಂದು ಮಗು ಕೇಳಿದರೆ ತಾಯಿ ಏನು ಹೇಳಬೇಕು?

ಇದು ನೂರು ವರ್ಷದ ಹಿಂದಿನ ಮಾತು ಎಂದು ಬಿಡುವಂತಿಲ್ಲ. ನಾನು ಸಿಕಂದರಾಬಾದಿನ ದಂಡಿನ ಪ್ರದೇಶದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವನು. ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಎಸ್‌ಎಫ್ ಕ್ವಾರ್ಟರ್ಸಿನವರು, ಅಂದರೆ ಗಂಡಸು ಗಡಿಯಲ್ಲಿ, ಸಂಸಾರ ಇಲ್ಲಿ. ಆ ಮಕ್ಕಳು ಅಪ್ಪ ಯುದ್ಧಕ್ಕೆ ಹೋಗಿದ್ದಾರೆ ಎಂದು ಹೇಳುತ್ತಿರಲಿಲ್ಲ. ಪಪ್ಪಾ ಫೀಲ್ಡ್‌ನಲ್ಲಿದ್ದಾರೆ ಸಾರ್, ಅನ್ನುತ್ತಿದ್ದರು. ಕಾಗದ ಬರೆಯಲು ಅವರಿಗಿದ್ದ ವಿಳಾಸ ಹೆಸರು, ನಂಬರು, ಯೂನಿಟ್ಟು, ಕೊನೆಗೆ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಊರಿನ ಹೆಸರೇ ಇಲ್ಲದ ವಿಳಾಸ. ಹಬ್ಬದ ಮುಂಚಿನ ವಾರ ಕಾಗದ ಬರೆಯುವ ಪಾಠ ಇಟ್ಟರೆ ಉಳಿದ ಮಕ್ಕಳು ಊರಿನ ಹೆಸರು ಬರೆಯುವ ಜಾಗದಲ್ಲಿ ಇವರು ಎರಡು ಅಂಕಿ ಬರೆಯುತ್ತಿದ್ದರು. ಅಪ್ಪ ಹಬ್ಬಕ್ಕೆ ಬರುತ್ತಾರಾ ಎಂದು ನಾನು ಒಂದು ಮಗುವನ್ನೂ ಕೇಳುತ್ತಿರಲಿಲ್ಲ. ರಜೆಯ ಪಟ್ಟಿಯಲ್ಲಿ ಈ ಸಲ ದೀಪಾವಳಿಗೆ ಹೋದವನಿಗೆ ಮುಂದಿನ ಸಲ ಸಿಗುವುದಿಲ್ಲ ಎಂಬುದು ಆ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸೈನ್ಯದವರು ತಮ್ಮ ಕೈಲಾದಷ್ಟು ಮಾಡುತ್ತಾರೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಯೂನಿಟ್ಟಿನಲ್ಲಿ ಪಂಡಿತರು, ಮೌಲವಿಗಳು, ಗ್ರಂಥಿಗಳು, ಪಾದ್ರಿಗಳು ಇರುತ್ತಾರೆ. ಒಂದೇ ಸೂರಿನಡಿ ಎಲ್ಲ ದೇವರಿಗೂ ಜಾಗವಿರುವ ಸರ್ವಧರ್ಮ ಸ್ಥಳ ಇರುತ್ತದೆ. ಹಬ್ಬಕ್ಕೆ ಬಡಾ ಖಾನಾ, ಅಧಿಕಾರಿಯೂ ಜವಾನನೂ ಒಂದೇ ಪಂಕ್ತಿ. ಹಬ್ಬ ಯಾರದೋ ಅವರನ್ನು ಬಿಟ್ಟು ಉಳಿದವರು ಕಾವಲಿಗೆ ನಿಲ್ಲುತ್ತಾರೆ. ಆದರೆ ಹಬ್ಬದ ದಿನವೇ ಕಾವಲು ಬಿಗಿಯಾಗುವ ದಿನವೂ ಹೌದು, ಏಕೆಂದರೆ ಇವತ್ತು ಇವರಿಗೆ ಹಬ್ಬ ಎಂದು ಎದುರಿನವನಿಗೂ ಗೊತ್ತು. ಸಿಯಾಚಿನ್ ಹಿಮನದಿಯ ಮೇಲೆ ನಮ್ಮ ಸೈನ್ಯ ಇಳಿದದ್ದು 1984ರ ಏಪ್ರಿಲ್ 13, ಬೈಸಾಖಿಯ ದಿನ. ಅವತ್ತು ಯಾರೂ ಬರಲಾರರು ಎಂದು ಎದುರಿನವರು ತಿಳಿಯುತ್ತಾರೆ ಎಂಬ ಲೆಕ್ಕ ಅದು. 1973ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲಿನ ಮೇಲೆ ಬಿದ್ದದ್ದು ಯಹೂದಿಗಳ ಯೋಮ್ ಕಿಪ್ಪುರ್ ದಿನ, ದಾಳಿ ಮಾಡಿದವರಿಗೆ ಅದು ರಂಜಾನ್ ತಿಂಗಳು. ಹೈಫಾಕ್ಕಿಂತ ಮುಂಚೆಯೂ ಹೀಗೇ, ಈಗಲೂ ಹೀಗೇ.

ಆ ಸಿಯಾಚಿನ್‌ಗೆ ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಹೋಗಿದ್ದರು, ಮದ್ರಾಸ್ ರೆಜಿಮೆಂಟಿನವರು. 2016ರ ಸಂಕ್ರಾಂತಿ ಕಳೆದು ಮೂರು ವಾರವೂ ಆಗಿರಲಿಲ್ಲ. ಫೆಬ್ರವರಿ 3ರಂದು 19,000 ಅಡಿಗೂ ಮೇಲಿದ್ದ ಠಾಣೆಯ ಮೇಲೆ ಹಿಮ ಕುಸಿಯಿತು, ಹತ್ತು ಮಂದಿ ಅದರಡಿ ಸಿಕ್ಕರು. ಆರನೆಯ ದಿನ ಅವರೊಬ್ಬರು ಉಸಿರಾಡುತ್ತಾ ಸಿಕ್ಕಾಗ ಇಡೀ ಕರ್ನಾಟಕ ದೇವರಿಗೆ ದೀಪ ಹಚ್ಚಿತು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲ, ಸಜ್ಜಿ ರೊಟ್ಟಿ; ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುವುದು. ಧಾರವಾಡ, ಬೆಳಗಾವಿ, ವಿಜಯಪುರದ ಹಳ್ಳಿಗಳಲ್ಲಿ ಈ ಮಾತನ್ನು ಫೋನಿನಲ್ಲಿ ಹೇಳುವ ಮನೆಗಳು ಎಷ್ಟೋ ಇವೆ. ನೆಟ್‌ವರ್ಕ್ ಸಿಕ್ಕರೆ ಹೇಳುತ್ತಾರೆ. ಸಿಗದಿದ್ದರೆ ಆ ಬನ್ನಿ ಎಲೆಯನ್ನು ಜಗಲಿ ಮೇಲಿನ ಫೋಟೋದ ಹತ್ತಿರ ಇಡುತ್ತಾರೆ, ಬಂದಾಗ ಕೊಡಲಿಕ್ಕೆ.

ಮತ್ತೆ 1914ರ ಯುದ್ಧಕ್ಕೆ ಬರೋಣ. ಆಗ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಸೆನ್ಸಾರ್ ಕಚೇರಿ ತೆರೆದು ಓದುತ್ತಿತ್ತು, ಅವುಗಳ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿಕೊಂಡಿತು. ಹೆಚ್ಚಿನವು ಪಂಜಾಬು ಮತ್ತು ಉತ್ತರದ ಕಡೆಯವರದು. ಲಂಡನ್ನಿನಲ್ಲಿ ಉಳಿದಿರುವ ಆ ಅನುವಾದಗಳಿಂದ ಇವತ್ತು ನಮಗೆ ಆ ಸಿಪಾಯಿಗಳ ಮನಸ್ಸು ಗೊತ್ತು. ಮೈಸೂರಿನ ಸವಾರರ ಮನಸ್ಸು ಲಂಡನ್ನಿನಲ್ಲಿ ಸಿಗುವುದಿಲ್ಲ, ಅದು ಸಿಗಬೇಕಾದದ್ದು ನಮ್ಮ ಮನೆಗಳ ಅಟ್ಟದಲ್ಲಿ.

ಆದ್ದರಿಂದ ಈ ಸಂಘದವರಲ್ಲಿ ನನ್ನದೊಂದು ಕೋರಿಕೆ ಇದೆ. ಇಲ್ಲಿರುವವರಲ್ಲಿ ಮೈಸೂರು, ಬೆಂಗಳೂರು, ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ನೆಲೆಸಿದವರು ಬಹಳ ಮಂದಿ. ಮನೆಯಲ್ಲಿ ಸೈನ್ಯದಲ್ಲಿದ್ದ ಅಜ್ಜ, ಮಾವ, ಅಣ್ಣ ಯಾರೇ ಇರಲಿ, ಅವರು ಬರೆದ ಕಾಗದಗಳಿದ್ದರೆ ಹುಡುಕಿ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಮನೆಯಿಂದ ಬರೆದ ಕಾಗದಗಳಿದ್ದರೆ, ಅವರು ವಾಪಸ್ಸು ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ಅವನ್ನು ಹುಡುಕಿ. ಹಬ್ಬದ ತಾರೀಖು ಇರುವವನ್ನು ಬೇರೆ ಮಾಡಿ. ಓದು ಬರಹ ತಿಳಿಯದ ಅಜ್ಜಿ ಬೇರೆಯವರ ಕೈಯಲ್ಲಿ ಬರೆಸಿದ್ದಾದರೂ ಸರಿ. ಅಜ್ಜಿಯರು ಬದುಕಿದ್ದರೆ ಕುಳಿತು ಕೇಳಿ: ಅಜ್ಜ ಇಲ್ಲದ ದಸರೆಯಲ್ಲಿ ಆಯುಧಪೂಜೆಗೆ ಏನನ್ನು ಇಟ್ಟು ಪೂಜೆ ಮಾಡಿದಿರಿ? ಹಿರಿಯ ಗಂಡಸಿಲ್ಲದ ಮನೆಯಲ್ಲಿ ಬನ್ನಿ ತರಲು ಯಾರು ಹೋದರು? ಹಬ್ಬ ಮಾಡಿದಿರೋ, ನಿಲ್ಲಿಸಿದಿರೋ? ಫಸ್ಟ್ ಲ್ಯಾನ್ಸರ್ ಕಡೆಯ ಮನೆಗಳಲ್ಲೂ ಕೇಳಬೇಕು, ಅದಕ್ಕೆ ಉರ್ದು ಬಲ್ಲ ಗೆಳೆಯರು ನಮ್ಮಲ್ಲಿದ್ದಾರೆ. ಸಿಕ್ಕದ್ದನ್ನು ಮೂಲ ಹಾಳಾಗದಂತೆ ಸ್ಕ್ಯಾನ್ ಮಾಡಿಸಿ, ಮೂಲವನ್ನು ಮನೆಯವರಿಗೇ ಹಿಂತಿರುಗಿಸಿ, ಪ್ರತಿಯನ್ನು ಸಂಘದ ಗ್ರಂಥಾಲಯದಲ್ಲಿ ಇಡೋಣ. ಮುಂದಿನ ಸೆಪ್ಟೆಂಬರ್ 23ಕ್ಕೆ ಹೈಫಾದ ಕಥೆಯ ಜೊತೆಗೆ ಇವನ್ನೂ ಓದೋಣ. ಈ ಕೆಲಸಕ್ಕೆ ಮೂರು ನಾಲ್ಕು ಮಂದಿ ಬೇಕು. ಸಭೆ ಮುಗಿದ ಮೇಲೆ ನಾನು ಬಾಗಿಲ ಹತ್ತಿರ ಇರುತ್ತೇನೆ. ಹೆಸರು ಕೊಡಿ.